ಕಿಲೋದ ಲೆಕ್ಕ, ಬ್ರಾಸಿನ ಲೆಕ್ಕ

ಬೆಳಗಾವಿ ಸೀಮೆಯಲ್ಲಿ ಮನೆ ಕಟ್ಟಿಸುವವರು ಉಸುಕು, ಖಡಿ, ಮಣ್ಣುಗಳನ್ನು ಇವತ್ತಿಗೂ ಬ್ರಾಸಿನ ಲೆಕ್ಕದಲ್ಲಿ ತರಿಸುತ್ತಾರೆ. ಬ್ರಾಸ್ ಅಂದರೆ ನೂರು ಘನ ಅಡಿ. ಟ್ರ್ಯಾಕ್ಟರಿನ ಡಬ್ಬಿಯ ಉದ್ದ, ಅಗಲ, ಎತ್ತರ ಅಳೆದರೆ ವ್ಯವಹಾರ ಮುಗಿಯಿತು, ತಕ್ಕಡಿಯ ಗೊಡವೆಯಿಲ್ಲ. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಮುಂದಿರುವ ಭಂಗಾರದ ಅಂಗಡಿಯಲ್ಲಿ ಲೆಕ್ಕ ಬೇರೆ. ಮೈಸೂರು ಕಡೆಯವರು ಗುಜರಿ ಅನ್ನುವುದನ್ನು ಇಲ್ಲಿ ಭಂಗಾರ ಅನ್ನುತ್ತಾರೆ. ಮರಾಠಿಯಿಂದ ಬಂದ ಈ ಮಾತಿಗೂ ನಮ್ಮ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದಷ್ಟೇ ಅಂತರ. ಅಲ್ಲಿ ಕಬ್ಬಿಣ, ತಗಡು, ರದ್ದಿ, ಪ್ಲಾಸ್ಟಿಕ್ ಎಲ್ಲವೂ ಕಿಲೋಗೆ ಇಷ್ಟು. ಒಂದು ಬ್ರಾಸ್ ಉಸುಕು ಸುಮಾರು ನಾಲ್ಕೂವರೆ ಟನ್ ತೂಗುತ್ತದೆ. ಘನ ಮೀಟರಿಗೆ 15 ಕಿಲೋ ತೂಗುವ ಸಾಮಾನ್ಯ ಥರ್ಮಾಕೋಲ್ ಒಂದು ಬ್ರಾಸ್ ತುಂಬಿದರೆ ಬರುವುದು 42 ಕಿಲೋ. ಟ್ರ್ಯಾಕ್ಟರು ತುಂಬಿ ತಂದ ಸರಕು ಒಂದು ಚೀಲ ಸಿಮೆಂಟಿನ ತೂಕಕ್ಕೂ ಸರಿ ಬಾರದಿದ್ದರೆ ಯಾವ ಭಂಗಾರದವನು ತಾನೇ ಅದನ್ನು ಮುಟ್ಟಿಯಾನು? ಇದೇ ಸೀಮೆಯ ಅಂಕಲಗಿಯಂಥ ಊರುಗಳ ಬೇಲಿಗುಂಟ, ಗಟಾರದ ಬಾಯಲ್ಲಿ, ಹೊಲದ ಬದುವಿನಲ್ಲಿ ಬೆಳ್ಳಗೆ ಸಿಕ್ಕಿಕೊಂಡಿರುವ ಈ ವಸ್ತುವಿನ ಕಥೆಯಲ್ಲಿ ನನಗೆ ಕಾಣುವುದು ಮುಖ್ಯವಾಗಿ ಅಳತೆಯ ತೊಡಕು. ಹಗುರವಾದದ್ದನ್ನು ತೂಕದ ಪೇಟೆಗೆ ಒಯ್ದಿದ್ದೇವೆ. ಅದು ಸಲ್ಲಬೇಕಾದ ಪೇಟೆ ಗೌಂಡಿಗಳದು. ಈ ಸೀಮೆಯ ಹಳೆಯ ಕಸುಬುಗಳನ್ನು ಸ್ವಲ್ಪ ಕೆದಕಿ ನೋಡಿದರೆ, ಹಗುರವಾದ ಕಸವನ್ನು ಗಾತ್ರದ ಲೆಕ್ಕದಲ್ಲಿ ಮನೆಯೊಳಕ್ಕೆ ತೆಗೆದುಕೊಳ್ಳುವ ರೂಢಿ ಇಲ್ಲಿ ಹೊಸದೇನೂ ಅಲ್ಲ.

ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಹರಿಯುವ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳೆಯ ಮನೆಯನ್ನೇ ತೆಗೆದುಕೊಳ್ಳಿ. ಗೋಡೆಗೆ ಬೇಕಾದ ಮಣ್ಣನ್ನು ಎರೆಹೊಲದಿಂದ ತರುತ್ತಿರಲಿಲ್ಲ, ಎರೆ ಬಿರಿಯುತ್ತದೆ. ಹಿಂದೆ ಯಾರೋ ಬಾಳಿ ಬಿಟ್ಟುಹೋದ ಹಾಳೂರ ದಿಬ್ಬದ ಬಿಳಿ ಮಣ್ಣಿಗೆ ಬೇಡಿಕೆ ಇತ್ತು. ಹಾಳುಮಣ್ಣು ಎಂಬ ಹೆಸರೇ ಅದರ ಮೂಲ ಹೇಳುತ್ತದೆ: ಒಂದು ಕಾಲದ ಗೋಡೆ, ಒಲೆಯ ಬೂದಿ, ದನದ ಕೊಟ್ಟಿಗೆ ಎಲ್ಲ ಕರಗಿ ಮಣ್ಣಾಗಿ ಮತ್ತೆ ಗೋಡೆಯಾಗುವ ಸರಕು ಅದು. ಆ ಮಣ್ಣಿಗೆ ನೀರುಣಿಸಿ, ಕಣದಲ್ಲಿ ತೂರಿ ಉಳಿದ ಹೊಟ್ಟು ಬೆರೆಸಿ, ಕೆಲವು ದಿನ ಕೊಳೆಯಲು ಬಿಟ್ಟು, ಕಾಲಿನಿಂದ ತುಳಿದು ಹದ ಮಾಡುತ್ತಿದ್ದರು. ಒಣ ಹೊಟ್ಟು ನೀರಿನ ಮೇಲೆ ತೇಲುತ್ತದೆ. ಅದನ್ನು ಕೊಳೆ ಹಾಕುವುದೇ ಅದು ನೀರು ಕುಡಿದು ಭಾರವಾಗಿ ಮಣ್ಣಿನೊಳಗೆ ಸಮನಾಗಿ ಕೂಡಿಕೊಳ್ಳಲಿ ಎಂದು. ಒಣಗಿದ ಮೇಲೆ ಹೊಟ್ಟು ಇದ್ದಲ್ಲಿ ಗಾಳಿಯ ಸಣ್ಣ ಸಣ್ಣ ಕೋಣೆಗಳು ಉಳಿಯುತ್ತವೆ, ಗೋಡೆ ಬಿರಿಯುವುದಿಲ್ಲ, ಬಿಸಿಲೂ ನಿಧಾನವಾಗಿ ಒಳಗಿಳಿಯುತ್ತದೆ. ಹೊಟ್ಟಿನ ವ್ಯವಹಾರ ಎಂದೂ ತೂಕದಲ್ಲಿ ನಡೆದದ್ದಲ್ಲ. ಒಂದು ಚಕ್ಕಡಿ, ಎರಡು ಚಕ್ಕಡಿ ಎಂದೇ ನಡೆದದ್ದು. ಗೊಬ್ಬರಕ್ಕೂ ಹಾಗೆಯೇ ಚಕ್ಕಡಿ, ಮೇವಿಗೆ ಹೊರೆ. ಕಾಳಿಗೂ ಸೇರು, ಸೊಲಗಿಗಳೆಂಬ ಗಾತ್ರದ ಅಳತೆಗಳೇ ಇದ್ದವು. 1956ರ ತೂಕ-ಅಳತೆ ಕಾಯ್ದೆ ಬಂದು ಮೆಟ್ರಿಕ್ ಪದ್ಧತಿ ಕಡ್ಡಾಯವಾದ ಮೇಲೆ ಅವು ಪೇಟೆಯಿಂದ ಹಿಂದೆ ಸರಿದವು. ಹಗುರ ಸರಕಿಗೆ ಅದರದೇ ಮಾನ ಇದ್ದ ಲೋಕ ಅದು.

ಗಚ್ಚಿನ ಕೆಲಸದಲ್ಲಿ ಕಸ ಕಟ್ಟಡ ಸೇರುವ ಈ ರೂಢಿ ಇನ್ನೂ ನಿಚ್ಚಳ. ಸುಣ್ಣದ ಜೊತೆಗೆ ಒಡೆದ ಇಟ್ಟಂಗಿಯ ಪುಡಿ, ಅಂದರೆ ಸುರ್ಕಿ, ಸೇರಿಸಿ ಗಾಣದಲ್ಲಿ ಅರೆದು ಬೆಲ್ಲದ ನೀರು ಬೆರೆಸುತ್ತಿದ್ದರು. ಸುರ್ಕಿ ಎಂದರೆ ಭಟ್ಟಿಯ ಕಸ; ಸರಿಯಾಗಿ ಸುಡದೆ ಒಡೆದು ಹೋದ ಇಟ್ಟಂಗಿಯ ಚೂರು. ಆ ಕಸ ಸುಣ್ಣಕ್ಕೆ ನೀರಲ್ಲೂ ಗಟ್ಟಿಯಾಗುವ ಗುಣ ಕೊಡುತ್ತಿತ್ತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದೇ ಸುರ್ಕಿ ಗಾರೆಯ ಮೇಲೆ ಎನ್ನುವುದನ್ನು ನೆನೆದರೆ, ಕಸದಿಂದ ಕಟ್ಟಿದ್ದು ಬಡವರ ಗುಡಿಸಲು ಮಾತ್ರ ಎನ್ನುವ ತಾತ್ಸಾರ ತಾನಾಗಿ ಉದುರುತ್ತದೆ.

ಇನ್ನು ಗೋಕಾಕದ್ದೇ ಒಂದು ಸಾಕ್ಷಿ ಇದೆ, ಅದು ನೇರವಾಗಿ ಹಗುರತನಕ್ಕೆ ಸಂಬಂಧಿಸಿದ್ದು. ಬ್ರಿಟಿಷರ ಕಾಲದ ಗ್ಯಾಝೆಟಿಯರುಗಳು ಗೋಕಾಕದ ಬಗ್ಗೆ ಬರೆಯುವಾಗ ಅಲ್ಲಿನ ಆಟಿಗೆಗಳನ್ನು ಮರೆಯುವುದಿಲ್ಲ: ಮನುಷ್ಯರ, ಹಣ್ಣುಗಳ ಆಕಾರದ ಬೊಂಬೆಗಳು, ಒಂದು ಬಗೆಯ ಹಗುರ ಮರದಲ್ಲಿ ಮತ್ತು ಸುತ್ತಮುತ್ತ ಸಿಗುವ ಒಂದು ವಿಶೇಷ ಮಣ್ಣಿನಲ್ಲಿ ಮಾಡಿದವು. ಅದೇ ಊರಲ್ಲಿ ಒರಟು ಕಾಗದವೂ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿತ್ತು ಎನ್ನುತ್ತವೆ ಆ ಪುಟಗಳು. ದಖ್ಖನಿನ ಕೈಕಾಗದ ಎಂದರೆ ಹರಿದ ಗೋಣಿ, ಸವೆದ ಹಗ್ಗ, ಸೆಣಬಿನ ಚೂರುಗಳನ್ನು ನೆನೆಸಿ ಕುಟ್ಟಿ ತೆಗೆದ ಹಾಳೆ. ಕೊಪ್ಪಳದ ಕಿನ್ನಾಳದಲ್ಲಿ ಬೊಂಬೆಯ ಕೀಲುಗಳನ್ನು ತುಂಬಲು ಬಳಸುವ ಕಿಟ್ಟವೂ ಇದೇ ಜಾತಿಯದು: ಗೋಣಿಯ ನಾರಿನ ಪುಡಿ, ಗರಗಸದ ಹೊಟ್ಟು, ಹುಣಸೆಬೀಜದ ಅಂಟು. ಅಂಟು ಮಾತ್ರ ಬೆಲೆಯುಳ್ಳದ್ದು, ಉಳಿದದ್ದೆಲ್ಲ ಜಾಗ ತುಂಬುವ ಕಸ. ತುಂಬುವ ವಸ್ತು ಹಗುರವಾಗಿರಬೇಕು, ಅಗ್ಗವಾಗಿರಬೇಕು, ಹಿಡಿಯುವ ವಸ್ತು ಗಟ್ಟಿಯಾಗಿರಬೇಕು. ಇವತ್ತು ಥರ್ಮಾಕೋಲ್ ಕಾಂಕ್ರೀಟು ಎಂದು ಪ್ರಯೋಗಾಲಯಗಳಲ್ಲಿ ಹೆಸರಿಟ್ಟು ಕರೆಯುವುದರ ತತ್ವ ಇದಕ್ಕಿಂತ ಹೆಚ್ಚಿನದೇನಲ್ಲ.

ಥರ್ಮಾಕೋಲ್ ಎನ್ನುವುದು ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ವ್ಯಾಪಾರಮುದ್ರೆಯಾಗಿ ಇಲ್ಲಿಗೆ ಬಂದ ಹೆಸರು. ಪಾಲಿಸ್ಟೈರೀನಿನ ಸಣ್ಣ ಮಣಿಗಳೊಳಗೆ ಪೆಂಟೇನ್ ಎಂಬ ರಾಸಾಯನಿಕ ಸೇರಿಸಿ, ಹಬೆಯಲ್ಲಿ ಉಬ್ಬಿಸಿ, ಅಚ್ಚಿನಲ್ಲಿ ಒತ್ತುವ ವಿಧಾನವನ್ನು ಆ ಕಂಪನಿಯ ಫ್ರಿಟ್ಜ್ ಸ್ಟಾಸ್ಟ್ನಿ ಎಂಬ ರಸಾಯನತಜ್ಞ 1949ರ ಹೊತ್ತಿಗೆ ಕಂಡುಕೊಂಡ. ನಮ್ಮ ಚುರುಮುರಿ ಭಟ್ಟಿಯಲ್ಲಿ ಅಕ್ಕಿ ಅರಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅರಳಿದ ಮೇಲೆ ಅದರಲ್ಲಿ ನೂರಕ್ಕೆ 98 ಪಾಲು ಗಾಳಿ. 1960ರ ದಶಕದಲ್ಲಿ ಮುಂಬೈ ಮಗ್ಗುಲಿನ ಠಾಣೆಯಲ್ಲಿ ಇದರ ತಯಾರಿಕೆ ಶುರುವಾಯಿತು. ಶೀತಲಗೃಹದ ಗೋಡೆಗೆಂದು ಬಂದದ್ದು ಆಮೇಲೆ ಟಿವಿ, ಫ್ರಿಜ್ಜುಗಳ ಪೆಟ್ಟಿಗೆಯೊಳಗೆ ಕುಳಿತು ಹಳ್ಳಿಗೂ ಬಂತು. ಗಣಪತಿಯ ಮಖರವಾಯಿತು, ಮದುವೆ ಮಂಟಪದ ಅಕ್ಷರವಾಯಿತು, ಊಟದ ತಾಟಾಯಿತು. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ತಾಟು, ಲೋಟಗಳ ಜೊತೆ ಥರ್ಮಾಕೋಲಿನವನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲಿಗೆ ಕೇಂದ್ರದ ನಿಷೇಧವೂ ಬಂತು. ಆದರೆ ಸಾಮಾನಿನ ಪ್ಯಾಕಿಂಗಿಗೆ, ಔಷಧಿ ಮತ್ತು ಮೀನಿನ ಪೆಟ್ಟಿಗೆಗೆ ಅದು ಇದ್ದೇ ಇದೆ. ನಿಷೇಧ ಬಾಗಿಲು ಮುಚ್ಚಿದ್ದು ಅರ್ಧ. ಒಳಗೆ ಬಂದು ಬಿದ್ದದ್ದರ ಗತಿ ಏನು ಎನ್ನುವುದನ್ನು ಯಾವ ಅಧಿಸೂಚನೆಯೂ ಗೌಂಡಿಗೆ ಹೇಳಲಿಲ್ಲ.

ಬಿದ್ದದ್ದಕ್ಕೆ ಎರಡು ದಾರಿಗಳಿವೆ. ಒಂದು ಕಿಲೋದ ದಾರಿ. ಯಂತ್ರದಲ್ಲಿ ಬಿಸಿ ಮಾಡಿ ಒತ್ತಿ ಗಾಳಿ ತೆಗೆದರೆ ಥರ್ಮಾಕೋಲ್ ಮತ್ತೆ ಬರಿಯ ಪಾಲಿಸ್ಟೈರೀನ್ ಗಟ್ಟಿಯಾಗುತ್ತದೆ. ಅದರಿಂದ ಫೋಟೋ ಚೌಕಟ್ಟು, ಗೋಡೆಯಂಚಿನ ಪಟ್ಟಿ ಮಾಡುತ್ತಾರೆ. ಬೇರೆ ಪ್ಲಾಸ್ಟಿಕ್ಕುಗಳಿಗೆ ಈ ದಾರಿ ಒಗ್ಗಿದೆ. 2002ರಲ್ಲಿ ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಕಸ ಬೆರೆಸಿದ ಡಾಂಬರಿನ ರಸ್ತೆಗಳು ಶುರುವಾದವು. 2020ರಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಪ್ಲಾಸ್ಟಿಕ್ಸ್ ಫಾರ್ ಚೇಂಜ್ ಸಂಸ್ಥೆ ಸುಮಾರು 1500 ಕಿಲೋ ಮರುಬಳಕೆಯ ಪ್ಲಾಸ್ಟಿಕ್ಕಿನ ಹಲಗೆಗಳಿಂದ, ನಾಲ್ಕೂವರೆ ಲಕ್ಷ ರೂಪಾಯಿ ವೆಚ್ಚದಲ್ಲಿ ಕಸ ಆಯುವ ಕುಟುಂಬವೊಂದಕ್ಕೆ ಮನೆ ಕಟ್ಟಿಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ 1500 ಕಿಲೋ ಥರ್ಮಾಕೋಲ್ ಒಟ್ಟುಮಾಡಿ ದೂರದ ಕಾರ್ಖಾನೆಗೆ ಸಾಗಿಸಬೇಕೆಂದರೆ 35 ಬ್ರಾಸ್, ಅಂದರೆ ಅಷ್ಟೇ ಟ್ರ್ಯಾಕ್ಟರು ಗಾಳಿಯನ್ನು ಹೇರಿದ ಹಾಗೆ. ಡೀಸೆಲ್ಲಿನ ಖರ್ಚೂ ಹುಟ್ಟುವುದಿಲ್ಲ. ಇನ್ನೊಂದು ಬ್ರಾಸಿನ ದಾರಿ. ಗಾಳಿಯನ್ನು ತೆಗೆಯದೆ, ಆ ಗಾಳಿಯನ್ನೇ ಸರಕೆಂದು ತಿಳಿದು, ಥರ್ಮಾಕೋಲನ್ನು ಕಾಳುಗಾತ್ರಕ್ಕೆ ಪುಡಿ ಮಾಡಿ ಸಿಮೆಂಟಿಗೆ ಸೇರಿಸುವುದು. ಆಸ್ಟ್ರಿಯಾದಲ್ಲಿ 1970ರ ದಶಕದಿಂದ ತಯಾರಾದ ರಾಸ್ತ್ರಾ ಎಂಬ ಬ್ಲಾಕಿನ ಗಾತ್ರದಲ್ಲಿ ನೂರಕ್ಕೆ ಸುಮಾರು 85 ಪಾಲು ಮರುಬಳಕೆಯ ಪಾಲಿಸ್ಟೈರೀನ್ ಫೋಮ್, ಉಳಿದದ್ದು ಸಿಮೆಂಟು. ಸಾಮಾನ್ಯ ಕಾಂಕ್ರೀಟು ಘನ ಮೀಟರಿಗೆ 2400 ಕಿಲೋ ತೂಗಿದರೆ, ಫೋಮ್ ಬೆರೆಸಿದ್ದನ್ನು ಸಾವಿರ ಕಿಲೋಗಿಂತ ಕೆಳಕ್ಕೂ ಇಳಿಸಬಹುದು. ಈ ದಾರಿಗೆ ಒಂದೇ ಷರತ್ತು: ಕಸ ಬಿದ್ದಲ್ಲಿಯೇ, ತಾಲೂಕಿನ ಆಚೆ ಹೋಗದೆ, ಬಳಕೆಯಾಗಬೇಕು.

ತಾಲೂಕಿನೊಳಗೆ ಬಳಸಲು ಜಾಗವೆಲ್ಲಿ ಎಂದರೆ ಉತ್ತರ ತಲೆಯ ಮೇಲೆಯೇ ಇದೆ. ಇಲ್ಲಿನ ಮಾಳಿಗೆ ಮನೆಯ ತೊಲೆ-ಜಂತಿಗಳ ಮೇಲೆ ಹಲಗೆ ಅಥವಾ ಕಡ್ಡಿ ಹಾಸಿ, ಅದರ ಮೇಲೆ ದಪ್ಪ ಮಣ್ಣಿನ ಮೇಲ್ಮುದ್ದೆ ಹಾಕುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಬೆಳಕಿಂಡಿಯೊಂದನ್ನು ಬಿಟ್ಟರೆ ಬಿಸಿಲಿಗೆ ಬೇರೆ ದಾರಿಯಿರಲಿಲ್ಲ. ಆ ಮುದ್ದೆಯ ಭಾರವೇ ಅದರ ದೋಷವೂ ಆಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು; ಮಲಗಿದ್ದವರ ಮೇಲೆ ಕಲ್ಲುಗೋಡೆ ಮತ್ತು ಮಣ್ಣಿನ ಮಾಳಿಗೆಗಳು ಕುಸಿದದ್ದೇ ಸಾವಿನ ದೊಡ್ಡ ಕಾರಣ. 2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿಗಳು ಒಟ್ಟಿಗೆ ಉಕ್ಕಿ ಗೋಕಾಕ ಪೇಟೆಗೇ ನುಗ್ಗಿದಾಗ ನೆನೆದು ಕುಸಿದದ್ದು ಹೆಚ್ಚಾಗಿ ಮಣ್ಣಿನ ಮನೆಗಳು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಆ ಹಣದಲ್ಲಿ ಎದ್ದವು ಸಿಮೆಂಟು ಬ್ಲಾಕಿನ ಗೋಡೆ, ಮೇಲೆ ನಾಲ್ಕೈದು ಇಂಚಿನ ಸ್ಲ್ಯಾಬು ಅಥವಾ ಬರಿಯ ಪತ್ರಾಸ್. ನೀರಿಗೆ ಹೆದರದ ಮನೆ ಸಿಕ್ಕಿತು, ಏಪ್ರಿಲ್ ತಿಂಗಳಲ್ಲಿ ಒಳಗೆ ಕೂರಲಾಗದ ಮನೆಯೂ ಅದೇ. ಮಣ್ಣಿನ ಜೊತೆಗೆ ಮೇಲ್ಮುದ್ದೆಯ ಕೆಲಸವನ್ನೂ ನಾವು ಕಿತ್ತುಹಾಕಿದೆವು. ಆ ಕೆಲಸವನ್ನು ಮಾಡುವ ಬೇರೆ ಏನನ್ನೂ ಅಲ್ಲಿ ಇಡಲಿಲ್ಲ. ಥರ್ಮಾಕೋಲ್ ಶಾಖವನ್ನು ದಾಟಗೊಡುವ ಪ್ರಮಾಣ ಕಾಂಕ್ರೀಟಿನದಕ್ಕಿಂತ ನಲವತ್ತು ಪಟ್ಟು ಕಡಿಮೆ. ಸಿಮೆಂಟಿಗೆ ಬೆರೆಸಿದಾಗ ಈ ಅನುಪಾತ ಬಹಳ ಇಳಿಯುತ್ತದೆ, ಆದರೂ ಸ್ಲ್ಯಾಬಿನ ಮೇಲಿನ ಎರಡಿಂಚು ಹಗುರ ಪದರ ಮನೆಯ ಶಾಖವನ್ನು ಕಾಣುವಷ್ಟು ತಗ್ಗಿಸಬಲ್ಲದು. ಮಣ್ಣು ಶಾಖವನ್ನು ಹೀರಿಟ್ಟುಕೊಂಡು ರಾತ್ರಿಗೆ ಮುಂದೂಡುತ್ತಿತ್ತು, ಫೋಮ್ ತಡೆಯುತ್ತದೆ. ಎರಡರ ರೀತಿ ಬೇರೆ, ಹಾಗಾಗಿ ಇದನ್ನು ಮೇಲ್ಮುದ್ದೆಯ ಪುನರವತಾರ ಎಂದು ಕೊಂಡಾಡಬೇಕಾಗಿಲ್ಲ. ಅದು ಖಾಲಿ ಬಿಟ್ಟ ಜಾಗಕ್ಕೆ ಇದು ಸಲ್ಲುತ್ತದೆ ಎಂದರೆ ಸಾಕು.

ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಅಡಿಗೆ ಇಪ್ಪತ್ತು ಅಡಿಯ ಸ್ಲ್ಯಾಬು, ಮೇಲೆ ಎರಡಿಂಚಿನ ಪದರ. ಗಾತ್ರ ಸುಮಾರು 67 ಘನ ಅಡಿ, ಮುಕ್ಕಾಲು ಬ್ರಾಸಿಗೂ ಕಡಿಮೆ. ಅದರಲ್ಲಿ ನೂರಕ್ಕೆ 60 ಪಾಲು ಫೋಮ್ ಎಂದರೆ 40 ಘನ ಅಡಿ, ತೂಕದಲ್ಲಿ 17 ಕಿಲೋ. ಇಲ್ಲಿ ಮೊದಲ ಆಕ್ಷೇಪಣೆ ಎದುರಾಗುತ್ತದೆ: ಒಂದು ಹಳ್ಳಿಯಲ್ಲಿ ಅಷ್ಟು ಥರ್ಮಾಕೋಲ್ ಎಲ್ಲಿಂದ ಬರಬೇಕು, ಒಂದು ಮಾಳಿಗೆಗೆ ಊರ ಫ್ರಿಜ್ಜಿನ ಪೆಟ್ಟಿಗೆಗಳೆಲ್ಲ ಬೇಕಾದೀತಲ್ಲ? ಮಾತು ನಿಜ. ಅಂಕಲಗಿಯೊಂದರಿಂದ ಇದು ಉದ್ಯಮವಾಗುವುದಿಲ್ಲ. ಆದರೆ ಟಿವಿ, ಫ್ರಿಜ್ಜಿನ ಅಂಗಡಿಗಳಿರುವುದು ಗೋಕಾಕ, ಸಂಕೇಶ್ವರ, ಹುಕ್ಕೇರಿಯಂಥ ಪೇಟೆಗಳಲ್ಲಿ, ಪೆಟ್ಟಿಗೆ ಬಿಚ್ಚುವುದೂ ಎಷ್ಟೋ ಸಲ ಅಲ್ಲಿಯೇ. ಆ ಪೇಟೆಗಳಿಂದ ಸುತ್ತಲಿನ ಊರುಗಳಿಗೆ ಒಯ್ಯುವ ದೂರ ಕಡಿಮೆ, ಬೇಕಾದ ಯಂತ್ರವೂ ಒಂದು ಪುಡಿ ಮಾಡುವ ಗಿರಣಿ ಅಷ್ಟೆ. ಮಾಳಿಗೆ ಹೆಚ್ಚು, ಫೋಮ್ ಕಡಿಮೆ ಎಂಬ ಪರಿಸ್ಥಿತಿ ನನ್ನ ವಾದಕ್ಕೆ ಅನುಕೂಲವೇ: ಕಸಕ್ಕೆ ಗಿರಾಕಿ ಇಲ್ಲ ಎನ್ನುವ ಮಾತು ಅಲ್ಲಿಗೆ ಬೀಳುತ್ತದೆ.

ಬೆರೆಸುವುದು ಮಾತ್ರ ಮಾತಿನಷ್ಟು ಸುಲಭವಲ್ಲ. ಥರ್ಮಾಕೋಲಿನ ಕಾಳು ನೀರನ್ನು ಕುಡಿಯುವುದಿಲ್ಲ. ಹೊಟ್ಟಿನ ಹಾಗೆ ಕೊಳೆ ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಮಾಲಿಗೆ ನೀರು ಸ್ವಲ್ಪ ಹೆಚ್ಚಾದರೆ ಕಾಳೆಲ್ಲ ಮೇಲೆ ತೇಲಿ, ಕೆಳಗೆ ಬರಿಯ ಸಿಮೆಂಟು ಕೂರುತ್ತದೆ. ಒಣಗಿದ ಮೇಲೆ ಮೇಲ್ಭಾಗ ಕೈಯಲ್ಲಿ ಉದುರುತ್ತದೆ. ಆದ್ದರಿಂದ ಮೊದಲು ಕಾಳಿಗೆ ಸ್ವಲ್ಪವೇ ನೀರು ಮತ್ತು ಸಿಮೆಂಟಿನ ತಿಳಿ ಹಾಕಿ ಹೊರಳಾಡಿಸಿ, ಒಂದೊಂದು ಕಾಳಿಗೂ ಬೂದುಬಣ್ಣದ ಅಂಗಿ ತೊಡಿಸಿದ ಹಾಗೆ ಮಾಡಿ, ಆಮೇಲೆ ಉಳಿದ ಸಿಮೆಂಟು, ಉಸುಕು ಸೇರಿಸಬೇಕು. ಮದ್ರಾಸ್ ಐಐಟಿಯ ಗಣೇಶ್ ಬಾಬು ಮತ್ತು ಸಾರಧಿ ಬಾಬು 2003ರಲ್ಲಿ ಪ್ರಕಟಿಸಿದ ಅಧ್ಯಯನ ಸಿಲಿಕಾದ ಅತಿ ನಯವಾದ ಧೂಳು ಸೇರಿಸಿದ ಇಂಥ ಮಾಲನ್ನು ಕುರಿತದ್ದು. ಆ ನಯವಾದ ಧೂಳಿನ ಕೆಲಸ ಕಾಳಿಗೂ ಸಿಮೆಂಟಿಗೂ ನಂಟು ಬೆಸೆಯುವುದು. ಮಣ್ಣು ತುಳಿಯುತ್ತಿದ್ದವರ ಕಾಲಿಗೆ ಹದ ಗೊತ್ತಿತ್ತು. ಇಲ್ಲಿ ಆ ಹದ ಗೌಂಡಿಯ ಸಲಿಕೆಗೆ ಹೊಸದಾಗಿ ಬರಬೇಕು.

ಬೆಂಕಿಯ ಆಕ್ಷೇಪಣೆ ಇದಕ್ಕಿಂತ ಗಂಭೀರ. ಥರ್ಮಾಕೋಲ್ ನೂರು ಡಿಗ್ರಿ ದಾಟಿದರೆ ಮುದುಡುತ್ತದೆ, ಹೊತ್ತಿಕೊಂಡರೆ ಕಪ್ಪು ಹೊಗೆ ಕಾರುತ್ತದೆ. ಬರಿಯ ಹಾಳೆಗಳನ್ನು ಛತ್ತಿನ ಕೆಳಗೆ ಬಡಿಯುವುದನ್ನು ನಾನು ಯಾರಿಗೂ ಹೇಳಲಾರೆ. ಸಿಮೆಂಟಿನೊಳಗೆ ಪೂರ್ತಿ ಹುದುಗಿ, ಮನೆಯ ಹೊರಮೈಯಲ್ಲಿ, ಸ್ಲ್ಯಾಬಿನ ಮೇಲ್ಗಡೆ ಇದ್ದಾಗ ಅದಕ್ಕೆ ಉರಿಯಲು ಗಾಳಿ ಸಿಗುವುದಿಲ್ಲ. ಗೋಡೆಯ ಒಳಮೈಗಿಂತ ಮಾಳಿಗೆಯ ಮೇಲ್ಮೈಯನ್ನು ನಾನು ಆರಿಸಿದ್ದಕ್ಕೆ ಇದೂ ಕಾರಣ. ಕಟ್ಟಡದ ಹಳೆಯ ಫೋಮುಗಳಿಗೆ ಬೆಂಕಿ ತಡೆಯಲೆಂದು ಸೇರಿಸುತ್ತಿದ್ದ ಎಚ್‌ಬಿಸಿಡಿ ಎಂಬ ರಾಸಾಯನಿಕವನ್ನು 2013ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ತನ್ನ ಕೆಟ್ಟ ಪಟ್ಟಿಗೆ ಸೇರಿಸಿತು. ಶೀತಲಗೃಹ ಕಿತ್ತು ತಂದ ಹಳದಿ ಹಲಗೆಗಳನ್ನು ಈ ಕೆಲಸಕ್ಕೆ ತರಬಾರದು, ಪ್ಯಾಕಿಂಗಿನದು ಮಾತ್ರ ಸಾಕು. ಇನ್ನೊಂದು ಆಮಿಷವನ್ನೂ ಇಲ್ಲಿಯೇ ತಳ್ಳಿಹಾಕಬೇಕು. ಭಟ್ಟಿಯವರು ಜೇಡಿಗೆ ಹೊಟ್ಟು, ಬೂದಿ ಸೇರಿಸುವುದು ಹಳೆಯ ರೂಢಿ. ಹೊಟ್ಟು ಸುಟ್ಟು ಹೋಗಿ ಇಟ್ಟಂಗಿ ಹಗುರಾಗುತ್ತದೆ. ಯುರೋಪಿನ ಪೊರೊಟಾನ್ ಇಟ್ಟಿಗೆಯಲ್ಲಿ ಹೊಟ್ಟಿನ ಬದಲು ಪಾಲಿಸ್ಟೈರೀನ್ ಮಣಿಗಳನ್ನೇ ಹಾಕಿ ಸುಟ್ಟರು. ಹೊಗೆಯನ್ನು ಹಿಡಿದು ಮತ್ತೆ ಸುಡುವ ವ್ಯವಸ್ಥೆಯಿಲ್ಲದ ನಮ್ಮ ಬಯಲು ಭಟ್ಟಿಗಳಲ್ಲಿ ಇದನ್ನು ಮಾಡಿದರೆ ಊರಿಗೆ ಊರೇ ಕೆಮ್ಮೀತು.

ಕೊನೆಗೊಂದು ಆಕ್ಷೇಪಣೆ ಉಳಿಯುತ್ತದೆ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹಳೆಯ ಮಣ್ಣಿನ ಗೋಡೆ ಬಿದ್ದರೆ ಹಾಳುಮಣ್ಣಾಗಿ ಮತ್ತೆ ಗೋಡೆಗೆ ಬರುತ್ತಿತ್ತು. ಸಿಮೆಂಟು, ಫೋಮ್ ಒಮ್ಮೆ ಕೂಡಿದರೆ ಬಿಡಿಸಲಾಗದು. ಐವತ್ತು ವರ್ಷದ ಮೇಲೆ ಮನೆ ಕೆಡವಿದಾಗ ಆ ಚೂರು ಖಡಿಯೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಒಡೆದಾಗ ಕಾಳು ಗಾಳಿಗೆ ಹಾರಿ ಹೊಳೆ ಸೇರುತ್ತದೆ. ಒಪ್ಪಬೇಕಾದ ಮಾತು. ಎದುರಿಗೆ ಇಡಬಹುದಾದದ್ದು ಇಷ್ಟೆ: ಆ ಕಾಳು ಇವತ್ತೇ ಹಾರಿ ಇವತ್ತೇ ಹೊಳೆ ಸೇರುತ್ತಿದೆ. ಕೆಡವಿದ ಪದರವನ್ನು ಸಣ್ಣಗೆ ಒಡೆದು ಮತ್ತೆ ಅಂಥದೇ ಪದರಕ್ಕೆ ತುಂಬುವುದು ಸಾಧ್ಯ, ಆದರೆ ಅದಕ್ಕೆ ಕೆಡವುವವನಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರಬೇಕು. ಈ ಕಾರಣಕ್ಕೇ ಭಾರ ಹೊರುವ ಕಂಬ, ತೊಲೆ, ಗೋಡೆಗಳಿಗೆ ಇದನ್ನು ಒಯ್ಯದೆ, ಬೇಕೆಂದಾಗ ಎಬ್ಬಿಸಿ ತೆಗೆಯಬಹುದಾದ ಮಾಳಿಗೆಯ ಪದರಕ್ಕೆ ಸೀಮಿತವಾಗಿಡುವುದು ಮೇಲು.

ಕಸ ಸರಕಾಗುವುದು ಉಪದೇಶದಿಂದಲ್ಲ ಎನ್ನುವುದಕ್ಕೆ ರಾಜ್ಯದೊಳಗೇ ಹತ್ತಿರದ ಉದಾಹರಣೆಯಿದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1985ರಲ್ಲಿ ಶುರುವಾಯಿತು. ಅಲ್ಲಿಂದ ಹೊರಬಿದ್ದ ಹಾರುಬೂದಿಯೂ ಎಲ್ಲ ಕಡೆಯ ಹಾರುಬೂದಿಯಂತೆ ಮೊದಲು ದೂರಿನ ವಸ್ತುವೇ. 1999ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಸ್ಥಾವರದ 50 ಕಿಲೋಮೀಟರ್ ವ್ಯಾಪ್ತಿಯ ಇಟ್ಟಿಗೆ ತಯಾರಕರು ಜೇಡಿಯಲ್ಲಿ ಕನಿಷ್ಠ ಕಾಲುಭಾಗ ಬೂದಿ ಸೇರಿಸಬೇಕೆಂದು ಅಧಿಸೂಚನೆ ಹೊರಡಿಸಿತು. ಮುಂದೆ ಆ ದೂರ ನೂರಕ್ಕೆ ಏರಿತು, ಬೂದಿಯ ಇಟ್ಟಿಗೆಗೆ ಭಾರತೀಯ ಮಾನಕವೂ ಬಂತು. ಇವತ್ತು ಅದೇ ಬೂದಿಗೆ ಸಿಮೆಂಟು ಕಂಪನಿಗಳು ದುಡ್ಡು ಕೊಡುತ್ತವೆ. ಗಮನಿಸಬೇಕಾದದ್ದು ಆ ಆದೇಶದ ವ್ಯಾಪ್ತಿ. ಅಗ್ಗದ, ಗಾತ್ರದ ಸರಕು ಎಷ್ಟು ದೂರ ಹೋಗಬಲ್ಲದು ಎನ್ನುವುದನ್ನು ಅರಿತವರು ಬರೆದ ನಿಯಮ ಅದು. ಥರ್ಮಾಕೋಲಿಗೆ ಶಾಖರೋಧಕವಾಗಿ ಐಎಸ್ 4671 ಎಂಬ ಮಾನಕ ದಶಕಗಳಿಂದಲೇ ಇದೆ, ಆದರೆ ಅದು ಕಾರ್ಖಾನೆಯಿಂದ ಹೊಸದಾಗಿ ಬರುವ ಹಲಗೆಯ ಮಾತು. ಪೇಟೆಯ ಹಿತ್ತಲಲ್ಲಿ ಪುಡಿಯಾದ ಕಾಳಿನದಲ್ಲ.

ಗೌಂಡಿಯ ಬಳಿ ಉಸುಕು ಅಳೆಯುವ ಒಂದು ಫರ್ಮಾ ಇರುತ್ತದೆ. ತಳವಿಲ್ಲದ, ಎರಡೂ ಕಡೆ ಹಿಡಿಕೆಯಿರುವ ಪೆಟ್ಟಿಗೆ. ಒಳಗಿನ ಗಾತ್ರ ಒಂದೂಕಾಲು ಘನ ಅಡಿ, ಸರಿಯಾಗಿ ಒಂದು ಚೀಲ ಸಿಮೆಂಟಿನಷ್ಟು. ಅದನ್ನು ನೆಲಕ್ಕಿಟ್ಟು ಉಸುಕು ತುಂಬಿ, ಮೇಲೆ ಕೈಯಾಡಿಸಿ ಸಮ ಮಾಡಿ ಎತ್ತಿದರೆ ಒಂದು ಫರ್ಮಾ. ಅದೇ ಪೆಟ್ಟಿಗೆಯಲ್ಲಿ ಪುಡಿ ಮಾಡಿದ ಥರ್ಮಾಕೋಲ್ ತುಂಬಿದರೆ ಅರ್ಧ ಕಿಲೋ. ಭಂಗಾರದ ತಕ್ಕಡಿಯಲ್ಲಿ ಅರ್ಧ ಕಿಲೋ ಪ್ಲಾಸ್ಟಿಕ್ಕಿಗೆ ಸಿಗುವ ದುಡ್ಡು ಚಹಾಕ್ಕೂ ಸಾಲದು. ಕಲಸುವ ಜಾಗದಲ್ಲಿ ಮಾತ್ರ ಅದು ಒಂದು ಫರ್ಮಾ ಉಸುಕಿನ ಜಾಗವನ್ನು ಹಿಡಿಯುತ್ತದೆ, ಐವತ್ತು ಕಿಲೋಗೂ ಮೀರಿದ ಭಾರವನ್ನು ಸ್ಲ್ಯಾಬಿನ ಮೇಲಿಂದ ಇಳಿಸುತ್ತದೆ. ತರುವವನಿಗೆ ಫರ್ಮಾಕ್ಕೆ ಇಷ್ಟು ಎಂದು ದರ ಕಟ್ಟಿದರೆ ಅವನು ತಕ್ಕಡಿಯನ್ನು ಕೇಳುವುದಿಲ್ಲ.